ಖಾರದ ಕೈ

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿ ಕೆಂಪ ಕೆಂಪ.
ಉಳಿದ ದಿನ ದಲಾಲರ ಗೋದಾಮಿನ್ಯಾಗ
ನಾವು ತುಂಬು ಮುರಿಯೋರು, ಮೂವತ್ತು ಹೆಂಗಸರು,
ಮೂಗಿಗೆ ಸೆರಗು, ಕಿಲೋಕ್ಕಿಷ್ಟು ಅಂತ ಕೂಲಿ.
ಒಬ್ಬಾಕಿ ಸೀನಿದ್ರ ಸಾಲಿಗೆ ಸಾಲೇ ಸೀನತೈತಿ.

ಕೊಟ್ರೇಶ ಮೊಲಿ ಕುಡಿಯೋ ಕೂಸಿದ್ದಾಗಿಂದ
ಮನಿಗೆ ಬಂದ ಕೂಡ್ಲೆ ನನ್ನ ಮೊದಲ ಕೆಲಸ ಒಂದ:
ಬಚ್ಚಲದಾಗ ಕುಂತು ಎಣ್ಣಿ ಹಚ್ಚಿ, ಕಡ್ಲಿಹಿಟ್ಟು ತಿಕ್ಕಿ,
ಮಜ್ಜಿಗಿ ಸುರಕೊಂಡು, ಮತ್ತ ತೊಳದು,
ನನ್ನ ನಾಲಗಿಗೆ ಬೆರಳು ಹಚ್ಚಿ ನೋಡಿ,
ಚುರ್ ಅನ್ನದಿದ್ರ ಮಾತ್ರ ಅವನ ಮುಖ ಮುಟ್ಟತಿದ್ದೆ.
ಹತ್ತು ವರ್ಷ. ಒಂದಿನಾನೂ ತಪ್ಪಿಲ್ಲ.
ಅವನ ಕಣ್ಣಿಗೆ ನನ್ನ ಕೈಯಿಂದ ಖಾರ ಹೋಗಿಲ್ಲ.

ಫೋನ್ ಕೊಟ್ಟಾಗ ಮಾತ್ರ ಕೈ ತೊಳೀಲಿಲ್ಲ.

ಸಾಲಿ ಬಿಟ್ಟು ಬಂದ್ರ ಮನ್ಯಾಗ ಒಬ್ಬನ,
ಓಣ್ಯಾಗ ಲಾರಿ, ಟ್ರ್ಯಾಕ್ಟರ್ ಕಾಟ,
ಒಳಗ ಕುಂತು ಆಡಲಿ ಅಂತ ನಾನ ಕೊಟ್ಟದ್ದು,
ತಿಂಗಳಾ ರೀಚಾರ್ಜೂ ನಾನ ಹಾಕಿಸಿದ್ದು.

ಹೋದ ವಾರದಿಂದ ಹುಡುಗ ಸುಮ್ಮನಾದ.
ಉಣ್ಣೂವಾಗ ತಾಟ ನೋಡತಾನ, ನನ್ನ ನೋಡೂದಿಲ್ಲ.
ಮಗ್ಗಲಾಗ ಮಲಗಾವ ಗ್ವಾಡಿ ಕಡೆ ಹೊಳ್ಳತಾನ.
“ಕಣ್ಣ ಉರೀತಾವನ?” ಅಂದೆ.
“ಇಲ್ಲ” ಅಂದ. ಭಾಳ ಲಗೂನ ಅಂದ.

ಸ್ಟೇಶನ್ ರೋಡಿನ ಇಮ್ತಿಯಾಜನ ಅಂಗಡಿಗೆ ಒಯ್ದೆ.
ಬ್ಯಾಟರಿ ನೋಡು ಅಂದೆ. ಬ್ಯಾಟರಿ ಛಲೋನ ಇತ್ತು.
ಮತ್ತೊಂದು ಹೇಳಾಕ ಬಾಯಿ ಬರಲಿಲ್ಲ.
ಅಂವನ ತಿಳಕೊಂಡ. ಎರಡ ಮಕ್ಕಳ ತಂದಿ ಅಂವ.
ಬಗ್ಗಿ, ಬೆರಳಾಡಿಸಿ, ಒಮ್ಮೆ ಕೆಮ್ಮಿ,
ಪರದೆ ನನ್ನ ಕಡೆ ತಿರುಗಸಲಿಲ್ಲ:
“ಆಟದ ನಡಬರಕ ಬಂದೈತ್ರಿ. ಒಂದ ಒತ್ತಿದ್ರ ಹತ್ತು ತೆರೀತಾವು.
ಹುಡುಗ ಹುಡುಕಿದ್ದಲ್ಲ.
ಆಮ್ಯಾಲೆ ಹುಡುಕಿದ್ದು ಇಷ್ಟ ನೋಡ್ರಿ” ಅಂತ ಓದಿದ,
ಬಾಯಿಲೆ ಹೇಳಿದ್ದು, ತಪ್ಪು ತಪ್ಪು ಅಕ್ಷರಾಗಿ ಬಿದ್ದಿದ್ದು:

ಆ ಅಕ್ಕ ಯಾಕ ಅಳಾಕತ್ತಿದ್ಲು
ನೋಡಿದ್ರ ಪೊಲೀಸರು ಹಿಡೀತಾರೇನು
ನೋಡಿದ್ದು ಮರಿಯೂದು ಹ್ಯಾಂಗ

ಕಡೀದನ್ನ ಮೂರು ಸಲ ಕೇಳ್ಯಾನ.
ನಾನು ಆ ಹೊತ್ತಿನ್ಯಾಗ
ಎಷ್ಟನೇ ಚೀಲಕ್ಕ ಕೈ ಹಾಕಿದ್ದೆನೋ.

ಫಕೀರವ್ವ ಅಂದ್ಲು, ನಾಕ ಬಾರಿಸು, ಅದನ್ನ ಬಾವ್ಯಾಗ ಒಗಿ.
ಇಮ್ತಿಯಾಜ ಅಂದ, ಮಕ್ಕಳ ಕೀಲಿ ಹಾಕ್ತೀನಿ, ನಂಬರ್ ಹೇಳ್ರಿ.
ಹುಟ್ಟಿದ ದಿನ? ಅವಗ ಗೊತ್ತು.
ರೇಶನ್ ಕಾರ್ಡು? ಅಂವನ ಓದಿ ಹೇಳಾವ ನನಗ.
ಅಂವ ಹುಟ್ಟೂಕಿಂತ ಮೊದಲು ಒಂದ ದಿನದಾಗ
ನಾ ಮುರಿದ ಎಲ್ಲಾಕ್ಕಿಂತ ಹೆಚ್ಚು ತೂಕ,
ಕಿಲೋ, ಅದರ ಮುಂದ ಗ್ರಾಮು, ಅದನ್ನ ಕೊಟ್ಟೆ.
ಅದನ್ನ ಯಾರೂ ಕೇಳಿದ್ದಿಲ್ಲ ಇಲ್ಲೀ ತನಕ.

ಕೀಲಿ ಬಿತ್ತು. ಕೀಲಿ ಬೇಕ ಬೇಕು.
ಆದ್ರ ಅದಕ್ಕೂ ಮೊದ್ಲ ಬಿದ್ದಿದ್ದೊಂದು ಕೀಲಿ ಐತಿ,
“ಅಂಥಾದ್ದೆಲ್ಲ ಕೇಳಬಾರದು” ಅಂತ
ನಾನ ಅವನ ಬಾಯಿಗೆ ಜಡದದ್ದು.
ಅದಕ್ಕ ನಂಬರ್ ಇಲ್ಲ, ಇಮ್ತಿಯಾಜನ ಅಂಗಡ್ಯಾಗ ಅದು ತೆಗಿಯೂದಿಲ್ಲ.

ರಾತ್ರಿ ಕೈ ತೊಳದೆ. ಎಣ್ಣಿ, ಹಿಟ್ಟು, ಮಜ್ಜಿಗಿ.
ನಾಲಗಿಗೆ ಹಚ್ಚಿ ನೋಡಿದೆ.
ಲೈಟ್ ಆರಿಸಿ ಅವನ ಬೆನ್ನ ಹಿಂದ ಮಲಗಿ
“ಆ ಅಕ್ಕಗ ಯಾರೋ ನೋವು ಮಾಡ್ಯಾರ. ನಿನ್ನ ತಪ್ಪಲ್ಲ” ಅಂದೆ.
ಮುಖ ಗ್ವಾಡಿ ಕಡೇನ ಇತ್ತು.
ಭಾಳ ಹೊತ್ತಿನ ಮ್ಯಾಲೆ ಒಂದ ಪ್ರಶ್ನೆ ಕೇಳಿದ.
ನನಗ ಉತ್ತರ ಬರಲಿಲ್ಲ.
“ತಡಿ, ಇನ್ನೊಮ್ಮೆ ಕೇಳು” ಅಂದೆ.

ಕೇಳಿದ.