ಮುಚ್ಚಿದ ಕಣ್ಣಿನ ಪದರ

ದೋಣಿ ಕಂಪನಿಯ ಹತ್ತಿರ ಹಳೆಯ ಪುಟದ ವಿನ್ಯಾಸ ಇರಲಿಲ್ಲ.
ಕೋಡ್ ಇತ್ತು, ಅಷ್ಟೇ.
ಎಂಡೆಲ್ ಬರೆದದ್ದು, ಒಬ್ಬನೇ, ಹದಿನೆಂಟು ವರ್ಷ,
ಹಾಪ್ಸಲುವಿನ ಕಚೇರಿಯಲ್ಲಿ ಹೀಟರಿನ ಪಕ್ಕ ಕೂತು.
ಮನೆಯಿದ್ದು ನಕ್ಷೆಯಿಲ್ಲ ಎಂದರೆ
ಗೋಡೆಯಿಂದ ಗೋಡೆಗೆ ಟೇಪು ಹಿಡಿದು ನಡೆಯಬೇಕು.
ಈಗ ಅದಕ್ಕೂ ಯಂತ್ರ ಬಂದಿದೆ:
ಕೋಡನ್ನು ಸುರಿ, ಗುಂಡಿ ಒತ್ತು, ಕಾದಿರು.

ಪುಟ ಬಿಳಿ ಹಾಳೆಯ ಮೇಲೆ ಒಮ್ಮೆಗೇ ಬಂದು ಕೂತಿತು,
ಬಾಡಿಗೆ ಮನೆಗೆ ಸಾಮಾನು ಬಂದಿಳಿದ ಹಾಗೆ.
ಚೌಕಟ್ಟಿನೊಳಗೆ ಚೌಕಟ್ಟು, ಅದರೊಳಗೆ ಇನ್ನೊಂದು,
ಈರುಳ್ಳಿ ಸುಲಿದಂತೆ ಸುಲಿಯುತ್ತ ಹೋದರೆ
ಹನ್ನೊಂದನೆಯದರೊಳಗೆ ಒಂದೇ ಒಂದು ಅಂಕಿ: 7.30.
ಮೊದಲ ದೋಣಿ.

ಬಾಣ ಹತ್ತಿರ ಬಂದರೆ ನೀಲಿಯಾಗುತ್ತಿದ್ದ ಗುಂಡಿ
ಇಲ್ಲಿ ಸೆಟೆದು ನಿಂತಿದೆ,
ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವರಂತೆ.
ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ನಮ್ಮ ಅಕ್ಷರಗಳ ಜಾಗದಲ್ಲಿ
ಖಾಲಿ ಡಬ್ಬಿಗಳು. ಹಲ್ಲುದುರಿದ ಬಾಯಲ್ಲಿ
ಬಂದರಿನ ಹೆಸರು ಹೇಳಿಸಿದ ಹಾಗೆ.

ಗುಂಡಿಯ ಎತ್ತರ ತೊಂಬತ್ತಾರು.
"ಏನಿದು, ಗುಂಡಿಯೋ ಬಾಗಿಲೋ?" ಎಂದ ಆರ್ಡೊ,
ಟಾಲಿನ್‌ನಿಂದ, ಪರದೆಯ ಮೂಲೆಯ ಚೌಕದಲ್ಲಿ ಸೇಬು ಕಚ್ಚುತ್ತ.
"ನಲವತ್ತೆಂಟು ಮಾಡು. ನಿಯಮ ಅಂತ ಒಂದಿದೆ."

ಮಾಡಿದೆ. ಆಮೇಲೆ ಯಾಕೋ ಮನಸ್ಸು ಒಪ್ಪದೆ
ಮೂಲ ಕೋಡಿಗೇ ಹೋಗಿ ಹುಡುಕಿದೆ.
ಯಂತ್ರ ದಾಟಿಸದ ಸರಕು ಒಂದಿದೆ:
ಬರೆಯುವವನು ಸಾಲಿನ ಪಕ್ಕದಲ್ಲಿ ಆಡಿಟ್ಟ ಮಾತು.
ಪುಟ ಅದನ್ನು ತೋರಿಸುವುದಿಲ್ಲ, ಕಂಪ್ಯೂಟರು ಲೆಕ್ಕಕ್ಕಿಡುವುದಿಲ್ಲ.

*ಇದನ್ನು ಚಿಕ್ಕದು ಮಾಡಬೇಡಿ.
ವೈಕೆ ಜನವರಿಯಲ್ಲಿ ಕೈಗವಸು ಬಿಚ್ಚುವುದಿಲ್ಲ.*

ಯಾರು ವೈಕೆ? ಟಿಕೆಟ್ ಕಿಟಕಿಯವಳೋ, ಅವನ ಅಕ್ಕನೋ,
ದಿನಾ ಬೆಳಿಗ್ಗೆ ದಾಟುವ ಟೀಚರೋ.
ಎಂಡೆಲ್‌ನನ್ನು ಕೇಳೋಣವೆಂದರೆ ಫೋನ್ ಎತ್ತುವುದಿಲ್ಲ,
ನಿವೃತ್ತನಾದ ಮೇಲೆ ಮೀನಿಗೆ ಹೋಗುತ್ತಾನಂತೆ.

ಪಟ್ಟಿಯ ತಳದಲ್ಲಿ ಒಂದು ಪದರ.
ಪಕ್ಕದಲ್ಲಿ ಮುಚ್ಚಿದ ಕಣ್ಣಿನ ಗುರುತು.
ರೆಪ್ಪೆಯ ಮೇಲೆ ಒತ್ತಿದೆ.
ಪುಟದ ಅಗಲಕ್ಕೂ ಹಳದಿ ಫಲಕ ಎದ್ದು ನಿಂತಿತು:

*ವೊರ್ಮ್ಸಿಗೆ ಹಿಮದಾರಿ ತೆರೆದಿದೆ.
ಸೀಟ್ ಬೆಲ್ಟ್ ಕಟ್ಟಬೇಡಿ.
ಇಪ್ಪತ್ತೈದಕ್ಕಿಂತ ನಿಧಾನ ಹೋಗಿ, ಇಲ್ಲವೇ ನಲವತ್ತಕ್ಕಿಂತ ಜೋರು.
ನಡುವಿನ ವೇಗ ಗಡ್ಡೆಯ ಅಡಿ ಅಲೆ ಎಬ್ಬಿಸುತ್ತದೆ.
ನಿಲ್ಲಬೇಡಿ.*

ನನಗಾಗ ಆರು ವರ್ಷ. ಅಪ್ಪನ ಕಾರು ಕಡಲ ಮೇಲೆ.
ಕಿಟಕಿ ಇಳಿಸಿತ್ತು. ಅಮ್ಮ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು
ಏನೋ ಗುನುಗುತ್ತಿದ್ದಳು, ಹೆದರಿಕೆಗೆ.
ನನ್ನ ಜೀವ ಉಳಿಯಲೆಂದು
ಬೆಲ್ಟ್ ಬಿಚ್ಚು ಎಂದು ಹೇಳಿದ ಜಾಗ ಅದೊಂದೇ.

ಈಚೆಗೆ ಕಡಲಿಗೆ ಹೆಪ್ಪು ಹಾಕುವವರಿಲ್ಲ.
ಚಳಿ ಬರುತ್ತದೆ, ಹಾಲಿನ ಕೆನೆಯಷ್ಟು ಕಟ್ಟುತ್ತದೆ,
ಮಧ್ಯಾಹ್ನದ ಗಾಳಿಗೆ ಒಡೆಯುತ್ತದೆ.
ಆ ಫಲಕದ ಸಾಲಿನ ಪಕ್ಕ ಎಂಡೆಲ್
ವರ್ಷ ವರ್ಷ ತಾರೀಕು ಹಾಕಿದ್ದಾನೆ:
ಈ ಸಲವೂ ಇಲ್ಲ.
ಈ ಸಲವೂ ಇಲ್ಲ.
ಒಂದು ವಾರ ಆಸೆ ಇತ್ತು, ಇಲ್ಲ.

"ಮುಚ್ಚಿಟ್ಟ ಪದರಗಳನ್ನೆಲ್ಲ ಅಳಿಸಿಬಿಡು, ಫೈಲು ಭಾರ."
ಆರ್ಡೊಗೆ ಇಪ್ಪತ್ತಮೂರು. ಒಳ್ಳೆಯ ಹುಡುಗ.
ಹೇಳಿದ್ದೂ ಸರಿಯೇ: ಈ ಫಲಕದಿಂದ ಯಾರಿಗೂ ಟಿಕೆಟ್ ಸಿಗುವುದಿಲ್ಲ.

ಮೂವತ್ತೊಂದು ಪದರ ಅಳಿಸಿದೆ.
ಗುಂಡಿಯನ್ನು ಮತ್ತೆ ತೊಂಬತ್ತಾರಕ್ಕೆ ಎಳೆದೆ,
ಮಗ್ಗುಲಿಗೆ ಚೀಟಿ ಅಂಟಿಸಿ ಕೈಗವಸಿನ ವಿಷಯ ಬರೆದೆ,
ಆರ್ಡೊ ಜಗಳಕ್ಕೆ ಬಂದರೆ ಬರಲಿ.
"ಚೌಕಟ್ಟು 412" ಎಂದಷ್ಟೇ ಇದ್ದದ್ದಕ್ಕೆ
ಹಿಮದಾರಿ ಎಂದು ಹೆಸರಿಟ್ಟು ಕಣ್ಣು ಮುಚ್ಚಿದೆ.

ಹೊರಗೆ ಮೂರು ಡಿಗ್ರಿ. ಫೆಬ್ರವರಿ.
ನಾಲ್ಕೂವರೆಯ ದೋಣಿ
ನೀರಿನ ಮೇಲೆಯೇ ಹೋಯಿತು.