ಒಂದೇ ತಪ್ಪು

ಮಂಗಳವಾರ ಚೋರ್ಕೋರಿನಲ್ಲಿ ಯಾರೂ ದೋಣಿ ಇಳಿಸುವುದಿಲ್ಲ.
ಅವತ್ತು ಕಡಲಿಗೆ ರಜೆ. ನನಗೆ ಕೆಲಸ.
ಹೆಗಲಿಗೆ ಐಸಿನ ಪೆಟ್ಟಿಗೆ, ಜೇಬಿನಲ್ಲಿ ಹತ್ತಿಯ ಕಡ್ಡಿ,
ಬಲೆ ಹೊಲಿಯುತ್ತ ಕೂತವರ ನಡುವೆ ಕೇಳುತ್ತ ಹೋಗುತ್ತೇನೆ:
ನಿಮ್ಮ ಮನೆಯಲ್ಲಿ ಯಾರಿಗಾದರೂ ಅಪೊಲೊ?

ಹಾಗೇ ಅನ್ನುತ್ತಾರೆ ಇಲ್ಲಿ ಕಣ್ಣುಬೇನೆಗೆ.
ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ
ಅಕ್ರಾದ ಜನ ಬೀದಿಬೀದಿಯೇ ಕಣ್ಣು ಕೆಂಪಗಾಗಿ ಎದ್ದರಂತೆ.
"ಅಷ್ಟು ಮೇಲೆ ಕೆದಕಿದ ಧೂಳು
ಕೆಳಗೆ ಉದುರದೆ ಎಲ್ಲಿ ಹೋದೀತು?"
ಗದ್ದ ಮೇಲೆತ್ತಿ ಕೇಳುತ್ತಾನೆ ಮುದುಕ ಅತಾ ಓಬ್ಲಿ.
ದೂರದ ಇನ್ನೊಂದು ದೇಶದಲ್ಲಿ ಇದಕ್ಕೆ ಮದ್ರಾಸಿನ ಹೆಸರಂತೆ.
ಯಾರೂ ಇದನ್ನು ತಮ್ಮ ಮನೆಯದು ಅಂದದ್ದಿಲ್ಲ.

ಕೆಂಪು ಹುಡುಕುವುದು ಕಷ್ಟ ಈ ಓಣಿಯಲ್ಲಿ.
ಮಣ್ಣಿನ ಒಲೆಗಳ ಮೇಲೆ ತಟ್ಟೆ ಮೇಲೆ ತಟ್ಟೆ ಮೀನು,
ಅದರ ಹೊಗೆ, ಹೊಗೆಯ ಮುಂದೆ ಹೆಂಗಸರು.
"ಇದು ಹೊಗೆ," ಎನ್ನುತ್ತಾಳೆ ಕೊರ್ಕೊಯಿ,
ಉಟ್ಟ ಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಂಡು.
ಅದೇ ತುದಿಯಲ್ಲಿ ಮೊಮ್ಮಗಳ ಕಣ್ಣೊರೆಸಿ,
"ಇದೂ ಹೊಗೆಯೇ."
ಮಗು ಬೆಳಕಿಗೆ ಬೆನ್ನು ತಿರುಗಿಸುತ್ತದೆ.
ಇಬ್ಬರದೂ ಕೆಳರೆಪ್ಪೆ ಎಳೆದು ಕಡ್ಡಿ ಸವರಿದೆ,
ಉಗುರಿನ ಮೇಲೆ ಇರುವೆ ನಡೆದಷ್ಟು ಹಗುರ.
ಕೊರ್ಕೊಯಿ: ನಲವತ್ತೊಂದು.
ಹೆಸರು ಅಲ್ಲಿಗೆ ಮುಗಿಯಿತು.

ಚರಂಡಿಯ ಆಚೆ ದಂಡೆಯಲ್ಲಿ ಅವಳ ತಂಗಿ, ಶೋರ್ಮೆ.
ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ.
ತಾಯಿ ಬಿಟ್ಟುಹೋದ ಒಂದು ಒಲೆಗಾಗಿ ಶುರುವಾದದ್ದು.
"ಅವಳ ಸೀಸೆ ನನ್ನ ಸೀಸೆ ಒಂದೇ ಪೆಟ್ಟಿಗೆಯಲ್ಲಿಡಬೇಡ,"
ಎಂದಳು ಐವತ್ತೇಳು, ಕೆಂಗಣ್ಣು ಬಿಟ್ಟುಕೊಂಡು.
ಆ ಕೆಂಪಿನಲ್ಲಿ ಕೋಪ ಎಷ್ಟು, ಹೊಗೆ ಎಷ್ಟು, ಅಪೊಲೊ ಎಷ್ಟು,
ಬೇರೆ ಮಾಡಿ ತೂಗುವ ಯಂತ್ರ ನಮ್ಮಲ್ಲಿಲ್ಲ.

ಇರುವ ಯಂತ್ರ ಅಕ್ಷರ ಓದುತ್ತದೆ.
ನಾಲ್ಕೇ ನಾಲ್ಕು ಅಕ್ಷರ,
ಅದರಲ್ಲೇ ಬರೆದ ಏಳು ಸಾವಿರ ಚಿಲ್ಲರೆಯ ಒಂದು ಸಾಲು,
ಕಣ್ಣಿಂದ ಕಣ್ಣಿಗೆ ತನ್ನನ್ನೇ ನಕಲು ಮಾಡಿಕೊಳ್ಳುತ್ತ,
ಅವಸರಕ್ಕೆ ಕಾಗುಣಿತ ತಪ್ಪುತ್ತ.
ನಮ್ಮ ಹೋ ಊರಿನ ಮೇಷ್ಟ್ರು ಹೇಳುತ್ತಿದ್ದರು:
ಉತ್ತರ ಸರಿಯಿದ್ದರೆ ಕಾಪಿ ಹಿಡಿಯುವುದು ಕಷ್ಟ,
ಇಬ್ಬರದೂ ಒಂದೇ ತಪ್ಪಿದ್ದರೆ
ಬೆತ್ತ ತೆಗಿ.

ಶುಕ್ರವಾರ ರಾತ್ರಿ, ಕರೆಂಟು ಹೋಗಿ ಬಂದು ಹೋಗಿ,
ಜನರೇಟರಿನ ಗೊಣಗಾಟದಲ್ಲಿ ಪರದೆಯ ಮೇಲೆ ಮರ ಬೆಳೆಯಿತು.
ಶಾಲೆ ಮಕ್ಕಳದೊಂದು ಗೊಂಚಲು,
ಟ್ರೋಟ್ರೋ ವ್ಯಾನಿನ ಬಾಗಿಲಿಗೆ ಜೋತು ಕೂಗುವ ಹುಡುಗರದೊಂದು.
ಕಟ್ಟಕಡೆಯ ಕೊಂಬೆಯಲ್ಲಿ, ಒಂದೇ ತೊಟ್ಟಿಗೆ,
ನಲವತ್ತೊಂದು. ಐವತ್ತೇಳು.
ಬೇರೆ ಯಾರಲ್ಲೂ ಇಲ್ಲದ ಮೂರು ತಪ್ಪು, ಇಬ್ಬರಲ್ಲೂ.

ಒಂದೇ ನೋಟು ಇಬ್ಬರ ಕೈ ದಾಟಿರಬಹುದು.
ಮಗು ಚರಂಡಿ ಹಾರಿ ಆಚೆಯ ಮಡಿಲಿಗೂ ಹೋಗಿರಬಹುದು
(ಅದರ ಸೀಸೆ ಐಸು ಕರಗಿ ಕೆಟ್ಟಿತ್ತು, ಸಾಕ್ಷಿ ಹೇಳದು).
ಅಥವಾ ಒಬ್ಬಳ ರೆಪ್ಪೆ ಅಂಟಿ ತೆರೆಯದ ಬೆಳಗಿನ ಜಾವ
ಇನ್ನೊಬ್ಬಳು ಬಂದು, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಟ್ಟೆ ಅದ್ದಿ,
ಮಾತಿಲ್ಲದೆ,
ಮಾತು ಬಿಟ್ಟದ್ದು ಬಿಟ್ಟ ಹಾಗೇ ಇದ್ದು...
ಮರ ಅಷ್ಟು ಹೇಳುವುದಿಲ್ಲ.
ವರದಿಯಲ್ಲಿ ಬರೆದೆ: ನಿಕಟ ಸಂಪರ್ಕ.

ಮುಂದಿನ ಮಂಗಳವಾರ ಕೊರ್ಕೊಯಿ ಕೇಳಿದಳು,
ಮೀನು ತಿರುವುತ್ತ, ಆಚೆ ದಂಡೆ ನೋಡದೆ:
"ಏನು ಬಂತು? ಹೊಗೆ ತಾನೇ?"
ಹೆಸರು ಹೇಳಲು ನನಗೆ ಅಪ್ಪಣೆಯಿಲ್ಲ.
"ಹೊಗೆಯಲ್ಲ. ಯಾರದೋ ತಗುಲಿದ್ದು.
ಒಂದು ವಾರ ಯಾರನ್ನೂ ಮುಟ್ಟಬೇಡಿ."
"ನಾನ್ಯಾರನ್ನು ಮುಟ್ಟಲಿ," ಅಂದಳು,
ಹಳೆ ಪೇಪರಿನಲ್ಲಿ ಎರಡು ಮೀನು ಸುತ್ತಿ ಕೈಗಿಟ್ಟಳು. ಬಿಸಿಯಿತ್ತು.

ಗಾಳಿ ತಿರುಗಿ ಆಚೆ ಒಲೆಯ ಹೊಗೆ ಈಚೆ ಬಂತು.
ಕಣ್ಣುಜ್ಜಲು ಕೈ ಎತ್ತಿದೆ,
ಅರ್ಧಕ್ಕೆ ನಿಲ್ಲಿಸಿದೆ.