ಸಮತೂಕ

ಕೋಡಿಯಾಕ್ ಬಂದರಿನ ತಗಡು ಶೆಡ್ಡು.
ಪರಸ್ಕೋವಿಯಾಳ ಮೇಜಿನ ಮೇಲೆ ಎರಡು ಪ್ರೊಪೆಲ್ಲರ್:
ತೇಲುವಿಮಾನದ್ದು ಉದ್ದ, ಬಡಕಲು;
ಮಾವನ ಹೆರಿಂಗ್ ದೋಣಿಯದು
ಕಂಚು, ಮೂರೆಸಳು, ತುಂಬು ಬಸುರಿಯ ಭಾರ.

ಗಾಳಿಯನ್ನು ತಿರುಪಿ ಹತ್ತುವುದು ಅದು,
ನೀರನ್ನು ತಿರುಪಿ ನುಗ್ಗುವುದು ಇದು;
ಕಸುಬು ಒಂದೇ, ಕೂಳು ಬೇರೆ.
ಎರಡನ್ನೂ ಕಡಿದದ್ದು ಮಾತ್ರ ನೀರೇ.
ಇದನ್ನು ಗುಳ್ಳೆಯಾಗಿ, ಒಡೆದೊಡೆದು,
ಮೈತುಂಬ ಸಿಡುಬಿನ ಕಲೆಯಿಟ್ಟು;
ಅದನ್ನು ಹನಿಯಾಗಿ.
ಆ ವೇಗಕ್ಕೆ ಹನಿಯೂ ಕಲ್ಲು.

ಅಲಗಿನಂಚಿಗೆ ಉಗುರು ಓಡಿಸಿದಳು.
ಸಿಕ್ಕಿತು: ಸಾಸಿವೆಯಷ್ಟು ಮುಕ್ಕು.
ಅರ ಹಿಡಿದು ಉಜ್ಜಿದಳು, ಆರಿದ ಚಹಾದ ಮೇಲೆ
ಬೆಳ್ಳಿ ಪುಡಿ ಕೂರುವವರೆಗೆ.
ಆಮೇಲೆ ತಿರುಗಿಸಿ,
ಏನೂ ಆಗದಿದ್ದ ಆಚೆಯ ಅಲಗನ್ನೂ
ಅಷ್ಟೇ ಉಜ್ಜತೊಡಗಿದಳು.

"ಅದು ನೆಟ್ಟಗಿತ್ತಲ್ಲೇ?" ಅಂದ ಇನ್ನೊಕೆಂಟಿ ಮಾವ.
"ಈ ಕಡೆ ಕಳಕೊಂಡಷ್ಟು ಆ ಕಡೆಯೂ ಹೋಗಬೇಕು.
ಇಲ್ಲದಿದ್ದರೆ ಹಾರುವಾಗ
ಇಡೀ ವಿಮಾನ ನಡುಗುತ್ತೆ."

ಎಡಗೈಯ ಎರಡು ಬೆರಳನ್ನು
ಎಂದೋ ಬಲೆಯೆಳೆವ ರಾಟೆಗೆ ಕೊಟ್ಟವನು ಅವನು.
ಸದ್ದಿಲ್ಲದೆ
ಬಲಗೈಯನ್ನು ಜೇಬಿಗಿಳಿಸಿದ.